ಧೋತರ ಆರೋ ತನಕ

ಬೀಗರು ಬಿಜ್ಜರು ಗದಗಿಗೆ ಬಂದರೆ ಅವರನ್ನು ವೀರನಾರಾಯಣ ಗುಡಿಗೆ ಕರೆದೊಯ್ದು ಕುಮಾರವ್ಯಾಸನ ಕಂಬ ತೋರಿಸುವುದು ನಮ್ಮಲ್ಲಿಯ ಪದ್ಧತಿ. ಕುಮಾರವ್ಯಾಸ ಎಂದರೆ ಕೋಳಿವಾಡದ ನಾರಣಪ್ಪ, ಕೋನೇರಿಯಲ್ಲಿ ಮುಳುಗೆದ್ದು, ಒದ್ದೆ ಧೋತರದಲ್ಲೇ ಬಂದು ಈ ಕಂಬಕ್ಕೆ ಒರಗಿ ಕೂತರೆ ಗದುಗಿನ ಭಾರತದ ಷಟ್ಪದಿ ಹರಿಯುತ್ತಿತ್ತಂತೆ. ಧೋತರ ಆರಿತೋ, ಪದ್ಯವೂ ನಿಂತಿತಂತೆ. ಕೇಳಿದವರು ಕಂಬಕ್ಕೆ ಕೈಮುಗಿಯುತ್ತಾರೆ. ನನಗೆ ಮಾತ್ರ ಕಂಬಕ್ಕಿಂತ ಧೋತರದ ಮೇಲೆ ಭಕ್ತಿ ಹೆಚ್ಚು. ‘ಇವತ್ತಿಗೆ ಸಾಕು, ಏಳಪ್ಪಾ’ ಎಂದು ಮಹಾಕವಿಗೇ ಹೇಳಬಲ್ಲ ಒಂದು ವಸ್ತು ಆ ಕಾಲದಲ್ಲಿತ್ತಲ್ಲ!

ಈಗಿನ ಆತ್ಮೋನ್ನತಿಗೆ ಈ ಆರುವ ಗುಣವೇ ಇಲ್ಲ. ನನ್ನ ಹೆಂಡತಿಯ ತಮ್ಮ ಮುಂಡರಗಿಯವನು, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಊರಿಗೆ ಹೊರಟಾಗಲೆಲ್ಲ ಬೆಟಗೇರಿಯ ನಮ್ಮ ಮನೆಯಲ್ಲಿ ಇಳಿದು, ನನ್ನನ್ನು ಒಂದಿಷ್ಟು ಸುಧಾರಿಸಿ ಮುಂದೆ ಹೋಗುತ್ತಾನೆ. ಈ ಸಲ ಡಿಸೆಂಬರಿನಲ್ಲಿ ಬಂದವನು ಮೊಬೈಲ್ ತೆಗೆದು ಲೆಕ್ಕ ತೋರಿಸಿದ.

“ಮಾಮಾ, ದಿನಾ ಬರೇ ಒಂದು ಪರ್ಸೆಂಟ್ ಛಲೋ ಆಕ್ಕೋತ ಹೋಗ್ರಿ. ವರ್ಷ ತುಂಬೂದ್ರಾಗ ಮೂವತ್ತೇಳು ಪಟ್ಟು ಆಗಿರ್ತೀರಿ.”

ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಅಲ್ಲಿಂದಲೇ ಅಂದಳು: “ಇರೋ ಒಬ್ಬರನ್ನ ಸಂಭಾಳಿಸಿ ಸಾಕಾಗೇತಿ. ಮೂವತ್ತೇಳು ಮಂದೀನ ಎಲ್ಲಿ ಕುಂದರಸ್ಲೋ ತಮ್ಮಾ?”

ಅವನ ವೇಳಾಪಟ್ಟಿಯ ಮೊದಲ ಸಾಲೇ ಬೆಳಗಿನ ಐದಕ್ಕೆ ಏಳುವುದು. ಗದಗ-ಬೆಟಗೇರಿಯಲ್ಲಿ ಏಳುವ ಹೊತ್ತನ್ನು ಗೊತ್ತು ಮಾಡುವುದು ಮನುಷ್ಯನಲ್ಲ, ನಳ. ಅದು ಎಷ್ಟೋ ದಿನಕ್ಕೊಮ್ಮೆ, ತನಗೆ ತೋಚಿದ ಹೊತ್ತಿಗೆ ದಯಮಾಡಿಸುತ್ತದೆ. “ನಳಾ ಬಂದೂ!” ಎಂದು ಓಣಿಯಲ್ಲಿ ಯಾರೋ ಕೂಗಿದರೆ ರಾತ್ರಿ ಎರಡಕ್ಕೂ ಕೊಡ, ಬಕೀಟು, ಬ್ಯಾರಲ್ಲುಗಳ ಸಮೇತ ಇಡೀ ಓಣಿ ಎದ್ದು ನಿಲ್ಲುತ್ತದೆ. ಎರಡು ತುಂಬಿದ ಕೊಡ ಹೊತ್ತು ಮಾಳಿಗೆ ಮೆಟ್ಟಿಲು ಹತ್ತಿದವನಿಗೆ ಮತ್ತೆ ಜಿಮ್ಮು ಯಾಕೆ? ಇನ್ನು ಧ್ಯಾನ. ಸಪ್ಪಳ ಏರಿದ್ದರ ಮೇಲೆಯೇ ಕೊಡ ಕಂಠಮಟ್ಟ ಬಂತೆಂದು ಕಣ್ಣು ಮುಚ್ಚಿ ಹೇಳುವ ಏಕಾಗ್ರತೆ ನಮ್ಮ ಓಣಿಯ ಹೆಂಗಸರಿಗೆಲ್ಲ ಎಂದೋ ಸಿದ್ಧಿಸಿದೆ. ಪಟ್ಟಿಯಲ್ಲಿ ತಣ್ಣೀರು ಸ್ನಾನವೂ ಇತ್ತು. ನೀರು ಇದ್ದರಲ್ಲವೇ ಅದು ತಣ್ಣಗೋ ಬಿಸಿಯೋ ಎಂಬ ಚರ್ಚೆ? ಭೀಷ್ಮ ಕೆರೆಯ ದಂಡೆಯ ವಾಕಿಂಗು ಮಾತ್ರ ನನಗೆ ಒಪ್ಪಿಗೆಯಾಯಿತು. ವಾಕಿಂಗ್ ಮುಗಿದ ಮೇಲೆ ಮಿರ್ಚಿ-ಗಿರ್ಮಿಟ್ಟು ತಿನ್ನುವುದು ಅವನಿಗೆ ಒಪ್ಪಿಗೆಯಾಗಲಿಲ್ಲ. ತಿಂದ ಮಾತ್ರ.

ನಾನು ಕುಮಾರವ್ಯಾಸನ ಧೋತರ ಹಿಡಿದು ವಾದಿಸಿದೆ. ಅವನು ಪಂಪನನ್ನು ತಂದ. “ಆರು ತಿಂಗಳದಾಗ ಭಾರತ, ಮೂರು ತಿಂಗಳದಾಗ ಆದಿಪುರಾಣ ಮುಗಿಸೀನಿ ಅಂತ ಪಂಪನ ಹೇಳ್ಯಾನ್ರೀ. ಅದೂ ಇಲ್ಲೇ, ಲಕ್ಷ್ಮೇಶ್ವರದ ಶಂಖ ಬಸದಿಯೊಳಗ ಕೂತು ಆದಿಪುರಾಣ ಬರದಾನಂತ ನೀವ ಅಂತಿದ್ರಿ.”

ಅಂದದ್ದು ಹೌದು. ನಮ್ಮ ಕಡೆ ಎಲ್ಲರೂ ಅನ್ನುತ್ತಾರೆ. ಆದರೆ ಪಂಪನ ಬೆನ್ನಿಗೆ ದೊರೆ ಅರಿಕೇಸರಿ ಇದ್ದ, ಅಗ್ರಹಾರವನ್ನೇ ಕೊಟ್ಟ. ನನ್ನ ಬೆನ್ನಿಗಿರುವುದು ಸೊಸೈಟಿ ಸಾಲ. (ದೇಶದ ಮೊದಮೊದಲ ಸಹಕಾರಿ ಸಂಘಗಳಲ್ಲೊಂದು 1905ರಲ್ಲಿ ಹುಟ್ಟಿದ್ದು ನಮ್ಮದೇ ತಾಲೂಕಿನ ಕಣಗಿನಹಾಳದಲ್ಲಿ. ಹಾಗಾಗಿ ಇಲ್ಲಿ ಸಾಲಕ್ಕೂ ಒಂದು ಐತಿಹಾಸಿಕ ಘನತೆ ಉಂಟು.)

“ನಿಮ್ಮ ಧೋತರದವ ಹತ್ತು ಪರ್ವಕ್ಕ ಕೈಬಿಟ್ಟ ನೋಡ್ರಿ. ಹದಿನೆಂಟರಾಗ ಎಂಟು ಬಾಕಿ!”

ಬಾಕಿಯನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಜನ ಇಂದಿಗೂ ಗಮಕಿಗಳನ್ನು ಕೂಡಿಸಿ ಕೇಳುವುದು ಯಾರದನ್ನು? ಪೂರಾ ಮಾಡಿದ ತಿಮ್ಮಣ್ಣನಿಗೆ ಗುಡಿಯಲ್ಲಿ ಒಂದು ಕಂಬವೂ ದಕ್ಕಲಿಲ್ಲ. ಕೊಟ್ಟ ಗಡುವಿನೊಳಗೆ ಕೆಲಸ ಮುಗಿಸುವವರ ಕುಲದವನಿರಬೇಕು ಅವನು, ಪಾಪ.

ಮರುದಿನ ಅವನ ಕಾರಿನಲ್ಲಿ ಲಕ್ಷ್ಮೇಶ್ವರಕ್ಕೆ ಹೋಗಿ ಸೋಮೇಶ್ವರನಿಗೆ ಕೈಮುಗಿದು, ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಬಂದೆವು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿಗೆಲ್ಲ ಗೊತ್ತಾದ ಕೆರೆ. ಪಟ್ಟೆತಲೆ ಹೆಬ್ಬಾತುಗಳು ರಾಶಿ ರಾಶಿ ಇಳಿದಿದ್ದವು. “ಹಿಮಾಲಯ ದಾಟಿ ಬರ್ತಾವ್ರಿ ಮಾಮಾ! ಏನ್ ಡಿಸಿಪ್ಲಿನ್!” ಎಂದು ಅವನು ಕಣ್ಣರಳಿಸಿದ. ದಂಡೆಯ ಮೇಲೆ ದನ ಕಾಯುತ್ತ ಕೂತಿದ್ದ ಹಿರಿಯರನ್ನು, ಬಂದಮೇಲೆ ಇವು ದಿನವಿಡೀ ಏನು ಮಾಡುತ್ತವೆ ಎಂದು ಕೇಳಿದೆ.

“ಏನ್ ಮಾಡ್ತಾವ್ರೀ? ಹಗಲೆಲ್ಲಾ ನೀರಾಗ ಸುಮ್ನ ಕುಂದರ್ತಾವು. ಸಂಜಿಕ ಶೇಂಗಾ, ಕಡ್ಲಿ ಹೊಲಕ್ಕ ಇಳದು ಹೊಟ್ಟಿ ತುಂಬಿಸ್ಕೊಂಡು ಬರ್ತಾವು. ಬ್ಯಾಸಗಿ ಬರೂತನಾ ಇದ ಕಸಬು.”

ಹೆಂಡತಿಯ ತಮ್ಮ ಇದನ್ನು ತನ್ನ ಮೊಬೈಲಿನಲ್ಲಿ ಬರೆದುಕೊಳ್ಳಲಿಲ್ಲ.

ಅವನು ಬೆಂಗಳೂರಿಗೆ ಹೋದಮೇಲೆ ನಾನೂ ಒಂದು ಕ್ರಮ ಹಿಡಿದೆ. ಧೋತರ ಉಡಲು ನನಗೆ ಬಾರದು, ಟಾವೆಲ್ಲಿಗೆ ಇಳಿದೆ. ಸ್ನಾನ ಮುಗಿಸಿ ಅದನ್ನು ಪಡಸಾಲೆಯ ಹಗ್ಗಕ್ಕೆ ಹಾಕುವುದು, ಆರುವವರೆಗೆ ಹಾರ್ಮೋನಿಯಂ ಬಾರಿಸುವುದು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಬಾಳಿದ ಊರಿನಲ್ಲಿದ್ದು ಕಪ್ಪು ಮನೆ ಬಿಳಿ ಮನೆ ತಿಳಿಯದಿದ್ದರೆ ಹೇಗೆ? ಕಣ್ಣಿಲ್ಲದ ಪುಟ್ಟರಾಜರು, ನಮ್ಮ ಪುಟ್ಟಯ್ಯಜ್ಜನವರು, ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಎಲ್ಲವನ್ನೂ ಕೈವಶ ಮಾಡಿಕೊಂಡು 2010ರವರೆಗೆ ವೀರೇಶ್ವರ ಪುಣ್ಯಾಶ್ರಮದ ಮಕ್ಕಳಿಗೆ ಕಲಿಸಿದರು. ನನಗೆ ಹೇಳಿಕೊಡುವ ಮಾಸ್ತರರಿಗೂ ಅವಸರ ಎಂಬುದಿಲ್ಲ. “ಮೊದ್ಲ ಸಾ ಹತ್ತಲಿ. ರೀ ಎಲ್ಲೂ ಓಡಿ ಹೋಗಂಗಿಲ್ಲ” ಎನ್ನುತ್ತಾರೆ.

ಟಾವೆಲ್ಲಿನ ಕ್ರಮದಲ್ಲಿ ಋತುಮಾನದ ಏರುಪೇರು ಇದೆ. ಏಪ್ರಿಲ್ ಬಿಸಿಲಿಗೆ, ಕಪ್ಪತಗುಡ್ಡದ ಗಾಳಿಯಂತ್ರ ತಿರುಗಿಸುವ ಆ ಗಾಳಿಗೆ, ಪೆಟ್ಟಿಗೆಯ ಭಾತೆ ಎಳೆಯುವಷ್ಟರಲ್ಲೇ ಅದು ಹಪ್ಪಳವಾಗಿರುತ್ತದೆ. ಶ್ರಾವಣದಲ್ಲಿ ಮಧ್ಯಾಹ್ನವಾದರೂ ಹಸಿ. ಗದುಗಿನ ಭಾರತದ ದೊಡ್ಡ ಯುದ್ಧ ಪರ್ವಗಳೆಲ್ಲ ಮಳೆಗಾಲದವೇ ಇರಬೇಕೆಂಬುದು ಇದರಿಂದ ನಾನು ಕಂಡುಕೊಂಡ ಸಂಶೋಧನೆ. ಯಾವ ವಿಶ್ವವಿದ್ಯಾಲಯವೂ ಇನ್ನೂ ಇದಕ್ಕೆ ಪಿಎಚ್‌ಡಿ ಕೊಟ್ಟಿಲ್ಲ.

ಈ ಶ್ರಾವಣದ ಜಡಿಮಳೆಯಲ್ಲಿ ಟಾವೆಲ್ಲು ಆರುವ ಲಕ್ಷಣವೇ ಇರಲಿಲ್ಲ. ನಾನು ಸಾ ಬಿಟ್ಟು ರೀಗೆ ಕೈಹಾಕಿದ್ದೆ. ಬಾಜೂ ಮನೆಯ ಅಕ್ಕಾವರು ಕಟ್ಟೆಯ ಮೇಲಿಂದ ಇಣುಕಿ, ಮೊದಲು ಟಾವೆಲ್ಲನ್ನೂ ಆಮೇಲೆ ನನ್ನನ್ನೂ ನೋಡಿದರು.

“ಅಣ್ಣಾರ, ಅದನ್ನ ಇಲ್ಲಿ ಕೊಡ್ರಿ. ನಮ್ಮ ಮನ್ಯಾಗ ಇಸ್ತ್ರಿಪೆಟಗಿ ಕಾಸೇನಿ, ಎರಡ ನಿಮಿಷದಾಗ ಆರಿಸಿ ಕೊಡ್ತೀನಿ.”