ಟರ್ಕಿ ಪಕ್ಕದ ಆಲೂಗಡ್ಡೆ

ಅಲ್ಲಾ ಅಕ್ಕಾ, ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಮಗನ ಸ್ನೇಹಿತರ ಮನೆಗೆ ಕರೆದಿದ್ದಾರೆ ಅಂತ ಅಷ್ಟ್ಯಾಕೆ ಯೋಚನೆ? ಮ್ಯಾಶ್ಡ್ ಪೊಟೇಟೊ ಮಾಡ್ಕೊಂಡು ಹೋಗಿ. ಹೆಸರೆಲ್ಲ ಟರ್ಕಿ ಕೋಳಿಗೆ, ಹೊಟ್ಟೆ ತುಂಬಿಸೋದು ಆಲೂಗಡ್ಡೆ. ಗ್ರೇವಿ ಮಾತ್ರ ಕೇಳಿ ಬಡಿಸ್ಕೊಳ್ಳಿ. ಅದನ್ನ ಟರ್ಕಿಯಿಂದ ಇಳಿದ ರಸದಲ್ಲೇ ಮಾಡೋದು.

ತಮಾಷೆ ಗೊತ್ತಾ? 1621ರಲ್ಲಿ ಪ್ಲಿಮತ್‌ನಲ್ಲಿ ನಡೆದ ಆ ಮೊದಲ ಊಟದಲ್ಲಿ ಆಲೂಗಡ್ಡೆ ಇರಲೇ ಇಲ್ಲ. ಅದು ಹುಟ್ಟಿದ್ದು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದಲ್ಲಿ. ಅಲ್ಲಿಂದ ಯುರೋಪಿಗೆ ಹೋಗಿ, ಐರ್ಲೆಂಡ್‌ನಿಂದ ವಲಸೆ ಬಂದವರ ಜೊತೆ 1719ರ ಸುಮಾರಿಗೆ ನ್ಯೂ ಹ್ಯಾಂಪ್‌ಶೈರ್‌ನ ಹೊಲಕ್ಕೆ ಇಳೀತಂತೆ. ಗ್ರೀನ್ ಕಾರ್ಡಿಗೆ ಕಾಯ್ತಾ ಕೂತಿರೋ ನಮ್ಮನೆಯವರಿಗೆ ಇದನ್ನ ಹೇಳಿದೆ. "ಆಲೂಗಡ್ಡೆಗೇ ಇಷ್ಟು ಸುತ್ತಾಟ ಆಯ್ತಲ್ಲ" ಅಂತ ಸಮಾಧಾನ ಪಟ್ಕೊಂಡ್ರು.

ರಸೆಟ್ ಆದ್ರೆ ಹಿಟ್ಟುಹಿಟ್ಟಾಗಿ ಬೇಯುತ್ತೆ, ಯುಕಾನ್ ಗೋಲ್ಡ್ ಆದ್ರೆ ಹಳದಿ ಬಣ್ಣ, ನುಣುಪು. ಯಾವುದಾದ್ರೂ ಸರಿ, ಹೆಚ್ಚಿ ತಣ್ಣೀರಲ್ಲೇ ಉಪ್ಪು ಹಾಕಿ ಒಲೆಗಿಡಿ. ಕುದಿಯೋ ನೀರಿಗೆ ಹಾಕಿದ್ರೆ ಒಳಗೆ ಬೇಯೋ ಹೊತ್ತಿಗೆ ಹೊರಗೆಲ್ಲ ಕರಗಿರುತ್ತೆ. ಬಸಿದ ಮೇಲೆ ಬಿಸಿ ಪಾತ್ರೇಲೇ ಒಂದು ನಿಮಿಷ ಬಾಡಿಸಿ, ತೇವ ಹೋಗ್ಲಿ.

ಮಿಕ್ಸಿ ಕಡೆ ಮಾತ್ರ ಕೈ ಹಾಕ್ಬೇಡಿ. ಬ್ಲೇಡ್ ತಿರುಗಿತೋ, ಪಿಷ್ಟವೆಲ್ಲ ಹೊರಬಂದು ಗೋಂದಾಗುತ್ತೆ. ಬೆಂದ ಆಲೂಗಡ್ಡೆ ಒತ್ತೋಕೆ ಇಲ್ಲಿಯವರು ರೈಸರ್ ಅಂತ ಒಂದು ಕೊಂಡ್ಕೋತಾರೆ. ಊರಿಂದ ತಂದ ಶಾವಿಗೆ ಒರಳು ನಿಮ್ಮ ಹತ್ರ ಇದೆಯಲ್ಲ, ಅದೇ ಸಾಕು.

ಸೊಪ್ಪಿನ ವಿಷಯ ಕೇಳಿ. ಥೈಮ್, ರೋಸ್‌ಮರಿ ಕಡ್ಡಿಗಳನ್ನ ಬೆಣ್ಣೆ, ಕ್ರೀಮ್ ಜೊತೆ ಸಣ್ಣ ಉರೀಲಿ ಬಿಸಿ ಮಾಡಿ, ಮುಚ್ಚಿಟ್ಟು, ಆಮೇಲೆ ಸೋಸಿ ಆಲೂಗಡ್ಡೆಗೆ ಬೆರೆಸಿ. ರೋಸ್‌ಮರಿ ಎಲೆ ಬೆಂದರೂ ಗಟ್ಟೀನೇ, ಹಲ್ಲಿಗೆ ಸಿಕ್ಕೋಬಾರದು. ಘಮ ಅಷ್ಟೇ ಇಳಿದಿರ್ಬೇಕು. ನಮ್ಮ ಒಗ್ಗರಣೇಲಿ ಎಣ್ಣೆ ಇಂಗಿನ ವಾಸನೆ ಹೊತ್ತು ತರೋ ಹಾಗೆ, ಇಲ್ಲಿ ಆ ಕೆಲಸ ಬೆಣ್ಣೇದು. ಪಾರ್ಸ್ಲಿ, ಚೈವ್ಸ್ ಎಳೇ ಸೊಪ್ಪು, ಅವನ್ನ ಸಣ್ಣಗೆ ಹೆಚ್ಚಿ ಕೊನೇಲಿ ಉದುರಿಸಿದ್ರಾಯ್ತು. ಬೆಣ್ಣೆ ಎಷ್ಟು ಅಂದ್ರಾ? ಫ್ರಾನ್ಸಿನ ದೊಡ್ಡ ಬಾಣಸಿಗ ಜೋಯೆಲ್ ರೋಬುಶಾನ್ ಕೆಜಿ ಆಲೂಗಡ್ಡೆಗೆ ಕಾಲು ಕೆಜಿ ಹಾಕ್ತಿದ್ರು. ನಿಮ್ಮ ಯಜಮಾನರ ಕೊಲೆಸ್ಟ್ರಾಲ್ ನೆನೆಸ್ಕೊಂಡು ನೀವು ಅದರರ್ಧ ಹಾಕಿ.

ಏನಂದ್ರಿ? ಕೊತ್ತಂಬರಿ ಸೊಪ್ಪು ಹಾಕಿದ್ರೆ ಹೇಗೆ ಅಂತಾನಾ? ಬೇಡ ಅಕ್ಕಾ. ಕೊತ್ತಂಬರಿ ಬಿದ್ದರೆ ಹಸಿಮೆಣಸಿನಕಾಯಿ ಇದ್ದಿದ್ರೆ ಅನ್ಸುತ್ತೆ. ಅದು ಬಿದ್ದರೆ ಈರುಳ್ಳಿ, ಅರಿಶಿನ, ಸಾಸಿವೆ, ಕರಿಬೇವು. ಕೊನೆಗೆ ಅವರ ಮನೇಲಿ ನಿಂತು ದೋಸೆ ಹೊಯ್ಯೋ ಪಾಡು ನಿಮ್ಮದೇ. ಗುರುವಾರ ಒಂದು ದಿನ ತಡ್ಕೊಳ್ಳಿ. ಮಿಕ್ಕಿದ್ದನ್ನ ಮನೆಗೆ ತನ್ನಿ, ಶುಕ್ರವಾರ ಬೆಳಿಗ್ಗೆ ಹಿಟ್ಟು ನಾನು ತರ್ತೀನಿ.