ಎಂಟರ ಜೋಡಿಯೂ ಮಿಡಲ್ ಬರ್ತೂ

ರೈಲಿನ ಮಿಡಲ್ ಬರ್ತಿನಲ್ಲಿ ರಾತ್ರಿ ಕಳೆದವರಿಗೆ ಪೋಕರ್‌ನ ಎಂಟರ ಜೋಡಿಯ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಳಗಿನವರ ಊಟ ಮುಗಿಯುವ ತನಕ ಮಲಗುವಂತಿಲ್ಲ, ಮಲಗಿದ ಮೇಲೆ ಏಳುವಂತಿಲ್ಲ. ಎಕ್ಕದ ಜೋಡಿ ಬಂದವನು ಕೆಳಗೆ ಹಾಯಾಗಿ ಕಾಲು ಚಾಚಿರುತ್ತಾನೆ. ಎರಡರ ಜೋಡಿಯವನು ಆಸೆಯನ್ನೇ ಬಿಟ್ಟು, ಮೇಲೆ ಹತ್ತಿ ಮುಸುಕೆಳೆದಿರುತ್ತಾನೆ. ಏಳು, ಎಂಟು, ಒಂಬತ್ತರವನಿಗೆ ಮಾತ್ರ ನಿದ್ದೆಯಿಲ್ಲ.

ನಮ್ಮ ಷಡ್ಡಕರದು ಇದೇ ಪಾಡು. ದೀಪಾವಳಿಗೆ ಮಾವನ ಮನೆಯಲ್ಲಿ ಒಂಬತ್ತು ಜನ ಸುತ್ತ ಕೂತು, ತಲೆಗೆ ಇಷ್ಟು ಅಂತ ಹುಣಸೆಬೀಜ ಹಂಚಿಕೊಂಡು ಟೂರ್ನಮೆಂಟ್ ಆಡುತ್ತೇವೆ. ಕೈಗೆ ಜೋಡಿ ಬರುವುದೇ ಹದಿನೇಳು ಸಲಕ್ಕೊಮ್ಮೆ. ಹಾಗಾಗಿ ಎಂಟರ ಜೋಡಿ ಕಂಡರೆ ಷಡ್ಡಕರು ಅದನ್ನು ಸೀಮಂತದ ಮಗಳಂತೆ ನೋಡಿಕೊಳ್ಳುತ್ತಾರೆ. ಮುಂದಿನವರು ಯಾರೇ ಏರಿಸಿರಲಿ, ಎಷ್ಟೇ ಏರಿಸಿರಲಿ, “ನೋಡೇ ಬಿಡೋಣ” ಅಂತ ಬೀಜ ತಳ್ಳುತ್ತಾರೆ. ನಡುವೆ ಮೂರು ಎಲೆ ಬೀಳುತ್ತವೆ: ರಾಜ, ಗುಲಾಮ, ಮೂರು. ನೂರು ಸಲ ಎಲೆ ಬಿಚ್ಚಿದರೆ ಸುಮಾರು 87 ಸಲ ಎಂಟಕ್ಕಿಂತ ದೊಡ್ಡದೊಂದಾದರೂ ಅಲ್ಲಿ ಬಂದು ಕೂತಿರುತ್ತದೆ. ಇವರಿಗೆ ಪ್ರತಿ ಸಲವೂ ಹೊಸ ಆಘಾತ.

“ಇನ್ನೊಂದು ಎಂಟು ಬಂದ್ರೆ ಏನ್ರೀ ಮಾಡ್ತೀರಿ?” ಅಂತಾರೆ. ಬರುತ್ತೆ ಸ್ವಾಮಿ, ಎಂಟೂವರೆ ಸಲಕ್ಕೊಮ್ಮೆ. ಲೆಕ್ಕ ಹಾಕಿ: ಎಲೆ ಹಂಚುವ ಮುನ್ನವೇ ಇಬ್ಬರು ಇಡಬೇಕಾದ ಬ್ಲೈಂಡು 5 ಮತ್ತು 10, ಏರಿಸಿದ್ದು 22, ನಿಮ್ಮ ಮುಂದಿರುವುದು 150. ಏಳೂವರೆ ಸಲ 22 ಕಳೆದರೆ 165. ಆ ಒಂದು ಸಲ ಎಂಟು ಬಂದು, ಎದುರಿನವನು ಪೂರ್ತಿ ಸೋತುಕೊಟ್ಟರೂ ನಿಮಗೆ ಸಿಗುವುದು ಅವನ 150, ಬ್ಲೈಂಡಿನ 15, ಒಟ್ಟು ಅದೇ 165. ಅಸಲಿಗೆ ಅಸಲು, ನಡುವೆ ಬಜ್ಜಿ ಆರಿಹೋದದ್ದು ನಷ್ಟ. ಇಬ್ಬರ ಮುಂದೂ ಸಾವಿರ ಸಾವಿರ ಬೀಜವಿದ್ದರೆ ಸರಿ, 22 ಕೊಟ್ಟು ನೋಡಿ, ನಾನು ಬೇಡ ಅನ್ನಲ್ಲ.

ಏರಿಸಿದವರು ಯಾರು ಅನ್ನುವುದೂ ಇದೆಯಲ್ಲ! ಮೊದಲ ಕುರ್ಚಿಯಲ್ಲಿ ನಮ್ಮತ್ತೆ. ತಮ್ಮ ಹಿಂದೆ ಎಂಟು ಜನ ಕಾದಿರುವಾಗಲೂ ಆ ಯಮ್ಮ ಏರಿಸಿದರು ಅಂದರೆ ಕೈಯಲ್ಲಿ ಸರಕಿದೆ. 150 ಬೀಜದವನು ಎಲೆ ಕೆಳಗಿಟ್ಟು ಕಾಫಿ ಕೇಳುವುದು ಕ್ಷೇಮ. ಕೊನೆಗೆ ಡೀಲರ್ ಜಾಗದಲ್ಲಿ ಬಾಮೈದ ಏರಿಸಿದರೆ ಕತೆಯೇ ಬೇರೆ. ಅವನು ಕಳ್ಳೆಕಾಯಿ ಸಿಪ್ಪೆ ಹಿಡಿದೂ ಏರಿಸುತ್ತಾನೆ. ಆಗ 150ನ್ನೂ ಒಟ್ಟಿಗೆ ನೂಕಬೇಕು. ಹೆಚ್ಚಿನ ಸಲ ಓಡಿಹೋಗುತ್ತಾನೆ. ಎಕ್ಕ-ರಾಜ ಹಿಡಿದು ನಿಂತರೂ ನೂರಕ್ಕೆ 55ರಷ್ಟು ನಮ್ಮ ಕಡೆಗೇ. ದೊಡ್ಡ ಜೋಡಿ ಇದ್ದರೆ ಮಾತ್ರ ಐದರಲ್ಲಿ ಒಂದು. ದೇವರ ಪಟದ ಕಡೆ ತಿರುಗಿ ಕೂರಿ.

ಷಡ್ಡಕರು ಮುಖ ಚಿಕ್ಕದು ಮಾಡಿಕೊಂಡರು. ಸಮಾಧಾನಕ್ಕೆ ಅಂತ 2003ರ ಲಾಸ್ ವೇಗಸ್ ಕತೆ ತೆಗೆದೆ. ಪೋಕರ್‌ನ ವರ್ಲ್ಡ್ ಸೀರೀಸ್‌ನ ಮುಖ್ಯ ಪಂದ್ಯ. ಕ್ರಿಸ್ ಮನಿಮೇಕರ್ ಎಂಬ ಲೆಕ್ಕಪತ್ರದ ಗುಮಾಸ್ತೆ ಎಕ್ಕ-ರಾಣಿ ಹಿಡಿದು ಏರಿಸಿದ. ಫಿಲ್ ಐವಿಯಂಥ ಘಟಾನುಘಟಿ ಒಂಬತ್ತರ ಜೋಡಿ ಹಿಡಿದು ನೋಡೋಣ ಅಂದ. ಬಿದ್ದದ್ದು ರಾಣಿ, ರಾಣಿ, ಆರು. ನಾಲ್ಕನೆಯದು ಒಂಬತ್ತು! ಐವಿಗೆ ಫುಲ್ ಹೌಸ್, ಇದ್ದಬದ್ದದ್ದನ್ನೆಲ್ಲ ಸುರಿದ. ಕೊನೆಯ ಎಲೆ ಎಕ್ಕ. ಮನಿಮೇಕರನದು ಇನ್ನೂ ದೊಡ್ಡ ಫುಲ್ ಹೌಸ್. ಐವಿ ಹತ್ತನೆಯವನಾಗಿ ಎದ್ದು ಹೋದ, ಗುಮಾಸ್ತೆ 25 ಲಕ್ಷ ಡಾಲರ್ ಗೆದ್ದ.

ಷಡ್ಡಕರು ಅಷ್ಟೂ ಕೇಳಿಸಿಕೊಂಡು, ಕಣ್ಣರಳಿಸಿ, “ನಾಲ್ಕನೇ ಎಲೆಗೆ ಒಂಬತ್ತು ಬಂತಲ್ಲ, ನಾನು ಹೇಳ್ಲಿಲ್ವಾ?” ಅಂತ 22 ಬೀಜ ಎಣಿಸತೊಡಗಿದರು.