ದಾರಿ ಸ್ಟಾಕ್ ಇಲ್ಲ

ಪುತ್ತೂರು ಪೇಟೆಯಲ್ಲಿ ನಡೆಯುವವರು ನೆಲದ ಮೇಲೆ ನಡೆಯುವುದು ಕಡಿಮೆ. ಹೆಚ್ಚಾಗಿ ಚರಂಡಿಯ ಮುಚ್ಚಳದ ಮೇಲೆ ನಡೆಯುತ್ತಾರೆ. ಮಳೆನೀರು ಹೋಗಲೆಂದು ಮೊದಲು ಚರಂಡಿ, ಚರಂಡಿಗೆ ಜನ ಬೀಳಬಾರದೆಂದು ಆಮೇಲೆ ಚಪ್ಪಡಿ, ಚಪ್ಪಡಿಗೊಂದು ಮರ್ಯಾದೆಯ ಹೆಸರಿರಲಿ ಎಂದು ಫುಟ್‌ಪಾತ್. ಕೆಲವು ಚಪ್ಪಡಿಗಳು ಕಾಲಿಟ್ಟ ಕೂಡಲೇ ‘ಗಡಕ್’ ಎನ್ನುತ್ತವೆ. ಆಟಿಯ ಮಳೆಗೆ ಅಂಥವು ಉಗುಳುವುದೂ ಉಂಟು, ಅದೂ ಬಿಳಿ ಪಂಚೆ ನೋಡಿಯೇ. ಆದ್ದರಿಂದ ಹಳಬರು ಇಲ್ಲಿ ಕಿವಿಯಿಂದ ನಡೆಯುತ್ತಾರೆ. ಮುಂದಿನವರ ಕಾಲಡಿ ಗಡಕ್ ಎಂದರೆ ಅಲ್ಲಿ ಹೆಜ್ಜೆ ಉದ್ದ ಹಾಕಬೇಕು.

ಸೋಮವಾರ ಕಿಲ್ಲೆ ಮೈದಾನದ ಸಂತೆಗೆ ದೊಡ್ಡಮ್ಮನನ್ನು ಕರೆದೊಯ್ಯುವುದು ನನ್ನ ಪಾಲಿಗೆ ಬಂದ ಕೆಲಸ. ಕರೆದೊಯ್ಯುವುದು ಹೌದೋ, ಅವರ ಹಿಂದೆ ಓಡುವುದೋ ಹೇಳುವುದು ಕಷ್ಟ. ಕೊಡೆ ಮುಂದೆ, ಅವರು ನಡುವೆ, ಚೀಲ ಹೊತ್ತ ನಾನು ಹಿಂದೆ. ಒಂದು ಅಂಗಡಿಯೆದುರು ಬಕೆಟು, ಪ್ಲಾಸ್ಟಿಕ್ ಕುರ್ಚಿ, ಮದ್ದು ಬಿಡುವ ಪಂಪು, ಟರ್ಪಾಲಿನ ಸುರುಳಿ ಎಲ್ಲ ಫುಟ್‌ಪಾತಿಗಿಳಿದು ಗಾಳಿಗೆ ನಿಂತಿದ್ದವು. ದೊಡ್ಡಮ್ಮನೂ ನಿಂತರು.

“ಎಂತ ಬೇಕಿತ್ತು ಅಮ್ಮ?”

“ಎಂತದೂ ಬೇಡ, ದಾರಿ ಬೇಕಿತ್ತು.”

“ದಾರಿ ಸ್ಟಾಕ್ ಇಲ್ಲ ಅಮ್ಮ. ಟರ್ಪಾಲು ಉಂಟು, ಒಳ್ಳೆಯದು.”

ಕೊನೆಗೆ ಟರ್ಪಾಲು ಕೊಂಡೇ ಬಂದೆವು. ಅಡಿಕೆ ಒಣಗಿಸಲಿಕ್ಕೆ ಬೇಕಿತ್ತು ಅನ್ನಿ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಕನಿಷ್ಠ 1.8 ಮೀಟರ್ ಅಗಲ ಅಡ್ಡಿಯಿಲ್ಲದೆ ಇರಬೇಕು, ಎತ್ತರ 150 ಮಿಲಿಮೀಟರ್ ದಾಟಬಾರದು. ಅಂದರೆ ಎರಡು ಕೊಡೆಗಳು ಎದುರುಬದುರಾದರೂ ಕಡ್ಡಿ ಕಣ್ಣಿಗೆ ಚುಚ್ಚಬಾರದು. ನಮ್ಮಲ್ಲಿ ಎತ್ತರದ ತೀರ್ಮಾನ ಆಯಾ ಕಟ್ಟಡದವರದ್ದು. ಒಬ್ಬರು ಕಾರು ಹತ್ತಲೆಂದು ಇಳಿಜಾರು ಮಾಡಿಸಿದರೆ, ಪಕ್ಕದವರು ನೀರು ಬಾರದಿರಲೆಂದು ಮೂರು ಮೆಟ್ಟಿಲು ಏರಿಸುತ್ತಾರೆ. ಗುಡ್ಡದ ಊರಿನಲ್ಲಿ ಇದೊಂದು ಹೆಚ್ಚುವರಿ ಗುಡ್ಡ. ಮೊಣಕಾಲು ನೋವಿನವರು ರಸ್ತೆಗೇ ಇಳಿಯುತ್ತಾರೆ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಬರುತ್ತದೆ ಎಂದಿತು. ಪೇಪರಿನಲ್ಲಿ ಬಂದದ್ದನ್ನು ಓದಿ ಹೇಳಿದೆ. ದೊಡ್ಡಮ್ಮ ಕವಳದ ತಟ್ಟೆಯಿಂದ ತಲೆಯೆತ್ತಿ, “ಫುಟ್‌ಪಾತಿನಲ್ಲಿ ಹೋಗುವವರಿಗೆ ಜೀವಿಸುವ ಹಕ್ಕಾದರೆ, ರಸ್ತೆಗಿಳಿದ ನಮಗೆ ಎಂತದರ ಹಕ್ಕು ಮಾರಾಯಾ?” ಎಂದರು.

ಪುತ್ತೂರಿಗೆ ಬೈಪಾಸ್ ಆದರೂ ಉಂಟು. ಸುಳ್ಯದಲ್ಲಿ ಮಾಣಿ–ಮೈಸೂರು ಹೆದ್ದಾರಿಯೇ ಮುಖ್ಯ ಪೇಟೆ. ಗಾಂಧಿನಗರದಲ್ಲಿ ಮೀನು ಕೊಂಡು ಆಚೆ ದಾಟಬೇಕಾದರೆ ಮಡಿಕೇರಿಗೆ ಹೋಗುವ ಲಾರಿಯ ಅನುಮತಿ ಬೇಕು. ಕಡಬ ಪುತ್ತೂರು–ಸುಳ್ಯಗಳ ಗ್ರಾಮಗಳನ್ನು ಸೇರಿಸಿಕೊಂಡು ಮೊನ್ನೆ ಮೊನ್ನೆ ತಾಲೂಕಾದ ಊರು. ಅಲ್ಲಿ ಫುಟ್‌ಪಾತ್ ಒತ್ತುವರಿಯ ದೂರು ನಾನು ಕೇಳಿದ್ದಿಲ್ಲ; ಒತ್ತುವರಿಗೆ ಮೊದಲು ಫುಟ್‌ಪಾತ್ ಆಗಬೇಕಲ್ಲ.

ಪುತ್ತೂರಿನಲ್ಲಿ ನಡೆಯುವವರಿಗೆ ರಾಜಮರ್ಯಾದೆ ಸಿಗುವುದು ಏಪ್ರಿಲಿನ ಜಾತ್ರೆಗೆ. ಮಹಾಲಿಂಗೇಶ್ವರ ದೇವರು ಪೇಟೆ ಸವಾರಿ ಹೊರಡುತ್ತಾರೆ, ಕಟ್ಟೆಕಟ್ಟೆಯಲ್ಲಿ ಪೂಜೆ ತೆಗೆದುಕೊಳ್ಳುತ್ತಾರೆ. ರಥೋತ್ಸವ ಮುಗಿದ ಮರುದಿನ ಅವಭೃತ ಸ್ನಾನಕ್ಕೆ ಕುಮಾರಧಾರೆಯ ವೀರಮಂಗಲದವರೆಗೂ ಸವಾರಿ. ದೇವರು ಕುಳಿತಿರುವುದು ಅರ್ಚಕರ ತಲೆಯ ಮೇಲಾದರೂ ಪ್ರಯಾಣ ಕಾಲ್ನಡಿಗೆಯಲ್ಲೇ. ಈ ಊರಿನ ದೊಡ್ಡವರಲ್ಲಿ ರಸ್ತೆಯನ್ನು ನಡಿಗೆಯ ವೇಗದಲ್ಲಿ ನೋಡುವವರು ಅವರೊಬ್ಬರೇ ಎಂದು ನನಗೆ ಗುಮಾನಿ. ಅವರು ಬರುತ್ತಾರೆಂದರೆ ಹೊಂಡ ಮುಚ್ಚುತ್ತದೆ, ಬದಿ ಗುಡಿಸಿ ಆಗುತ್ತದೆ, ತೋರಣ ಏಳುತ್ತದೆ.

ಹೋದ ರಥೋತ್ಸವದ ರಾತ್ರಿ ರಸ್ತೆಯ ನಟ್ಟನಡುವೆ ದೊಡ್ಡಮ್ಮ ಕೊಡೆ ಬೀಸಿಕೊಂಡು ಹೋಗುತ್ತಿದ್ದರು. ಎದುರಿಗೆ ನಮ್ಮ ನೆರೆಮನೆಯವರು, ಬೆವರು ಒರೆಸಿಕೊಳ್ಳುತ್ತಾ ಬಂದರು. “ಎಂತ ಊರು ಮಾರಾಯ್ರೇ ಇದು! ಬೊಳುವಾರಿನಿಂದ ನಡೆದು ಬಂದೆ, ಒಂದು ಕಡೆಯಾದರೂ ಸರಿ ಫುಟ್‌ಪಾತ್ ಇಲ್ಲ!”

“ಹೌದಾ? ಕಾರು ಎಲ್ಲಿ ಇಟ್ಟಿರಿ?” ದೊಡ್ಡಮ್ಮ ಕೇಳಿದರು.

“ಅದಕ್ಕೇನೂ ತೊಂದರೆ ಆಗಲಿಲ್ಲ. ಫುಟ್‌ಪಾತಿನಲ್ಲಿ ಒಳ್ಳೆ ಜಾಗ ಇತ್ತು.”